ಫೋನು ಯಾರ ಕೈಲೈತೆ, ಸಾಕ್ಷಿ ಹೇಳೋರು ಯಾರು?

1

ನಮ್ಮ ಸೀಮೆಯಲ್ಲಿ ಕೊಬ್ಬರಿ ರೇಟು ಮೊದಲು ಬರುವುದು ಫೋನಿಗೆ. ತಿಪಟೂರು ಮಾರುಕಟ್ಟೆಯಲ್ಲಿ ಹರಾಜು ಮುಗಿಯುತ್ತಿದ್ದಂತೆ ಕ್ವಿಂಟಾಲಿಗೆ ಎಷ್ಟಾಯಿತೆಂಬುದು ತುರುವೇಕೆರೆಯ ತೋಟದವನಿಗೂ, ಚಿಕ್ಕನಾಯಕನಹಳ್ಳಿಯ ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂತವನಿಗೂ ಗೊತ್ತಾಗಿಬಿಡುತ್ತದೆ. ಅದೇ ಹೊತ್ತಿನಲ್ಲಿ ಅಟ್ಟದಿಂದ ಇಳಿಸಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತ ಕೂತ ಹೆಣ್ಣಾಳಿಗೆ ಅದು ಗೊತ್ತಿರುವುದಿಲ್ಲ. ಗೊತ್ತಾಗಿ ಆಗಬೇಕಾದ್ದಾದರೂ ಏನು? ರೇಟು ಏರಿದ ದಿನ ಅವಳ ಕೂಲಿ ಏರುವುದಿಲ್ಲ, ಇಳಿದ ದಿನ ಮಾತ್ರ ಅವಳಿಗೆ ಕೆಲಸವಿರುವುದಿಲ್ಲ.

ಮರ ಹತ್ತುವವನು, ಕಾಯಿ ಕೆಡವುವವನು ಗಂಡಸು. ಕೆಡವಿದ ಕಾಯಿ ಆಯುವುದು, ಹೊರುವುದು, ಗುಡ್ಡೆ ಹಾಕುವುದು, ಸೋಗೆ ಹೆಣೆಯುವುದು, ಗರಿ ಸೀಳಿ ಕಡ್ಡಿ ಪೊರಕೆ ಕಟ್ಟುವುದು, ನಾರು ಬಡಿದು ಹುರಿ ಮಾಡುವುದು, ಕೊನೆಗೆ ಚಿಪ್ಪಿನಿಂದ ಉಂಡೆ ಕೊಬ್ಬರಿ ಬಿಡಿಸುವುದು, ಇದರಲ್ಲೆಲ್ಲ ಹೆಂಗಸಿನ ಕೈ ಇದೆ. ಮಂಡಿಯ ಚೀಟಿಯಲ್ಲಿ ಮಾತ್ರ ಅವಳ ಹೆಸರಿಲ್ಲ. ತೋಟವಿದ್ದ ಮನೆಯ ಹೆಂಗಸಿನದೇ ಈ ಕತೆಯಾದರೆ, ತೋಟವೇ ಇಲ್ಲದ ದಲಿತ ಕೇರಿಯ ಹೆಂಗಸಿನ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಧ್ಯಯನ ಗುಂಪಿನಲ್ಲಿ ಒಬ್ಬ ವಿದ್ಯಾರ್ಥಿನಿ ಒಂದು ಸಲ ಎದ್ದು ನಿಂತು ಕೇಳಿದಳು: “ಮೇಷ್ಟ್ರೇ, ಫೇಸ್‌ಬುಕ್ಕಿಂದ, ವಾಟ್ಸಾಪಿಂದ ಹೆಣ್ಣಿಗೆ ಬಿಡುಗಡೆ ಬಂತು ಅಂತ ಪೇಪರ್ನೋರು ಬರೀತಾರೆ. ಅದ್ರಿಂದ್ಲೇ ಹೆಣ್ಮಕ್ಕಳು ಹಾಳಾದ್ರು ಅಂತ ನಮ್ಮಪ್ಪ ಅಂತಾರೆ. ಯಾವುದು ನಿಜ?” ಆವತ್ತು ನಾವು ಏನೋ ಹಾರಿಕೆಯ ಉತ್ತರ ಕೊಟ್ಟೆವು. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇವೆ. ಇದಕ್ಕೆ ಹೌದು ಇಲ್ಲವೆಂದು ಒಂದು ಮಾತಿನಲ್ಲಿ ಉತ್ತರ ಸಿಗುವುದಿಲ್ಲ, ಚರಿತ್ರೆಯಲ್ಲಿ ಹುಡುಕಬೇಕಾಗುತ್ತದೆ. ಹುಡುಕುತ್ತ ಹೋದರೆ ಆ ಚರಿತ್ರೆಯೊಳಗೆ ನಾವೂ ಆರೋಪಿಗಳಾಗಿ ನಿಂತಿರುವುದು ಕಾಣುತ್ತದೆ.

2

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮಾತಾಡುವ ಸಾಧನ ಹೆಣ್ಣಿನ ಕೈಗೆ ಸಿಕ್ಕಿದ್ದು ಫೋನಿನಿಂದಲೇ ಮೊದಲಲ್ಲ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ ಅಕ್ಷರವನ್ನೇ ಆಯುಧವೆಂದು ತಿಳಿದರು. ನಮ್ಮ ನಂಜನಗೂಡಿನ ತಿರುಮಲಾಂಬ ಬಾಲವಿಧವೆ. ಮನೆಯ ಮೂಲೆಯಲ್ಲಿ ಕೂರಬೇಕಾಗಿದ್ದ ಆ ಹೆಣ್ಣುಮಗಳು 1913ರಲ್ಲಿ ‘ಸತಿ ಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ ತಾವೇ ಬರೆದು ತಾವೇ ಪ್ರಕಟಿಸಿದರು. 1942ರ ಜುಲೈನಲ್ಲಿ ನಾಗಪುರದಲ್ಲಿ ನಡೆದ ಅಖಿಲ ಭಾರತ ದಲಿತ ಮಹಿಳಾ ಸಮ್ಮೇಳನಕ್ಕೆ ಸಾವಿರ ಸಾವಿರ ಹೆಂಗಸರು ಬಂದರು, ಬಾಬಾಸಾಹೇಬರು ಅಲ್ಲಿ ಮಾತಾಡಿದರು. ಅಧ್ಯಕ್ಷತೆ ವಹಿಸಿದ ಸುಲೋಚನಾ ಡೋಂಗ್ರೆಯವರ ಹೆಸರು ನಮ್ಮ ಎಷ್ಟು ಪಾಠದ ಪುಸ್ತಕಗಳಲ್ಲಿದೆ? ದಲಿತ ಹೆಣ್ಣು ಮಾತಾಡಿಲ್ಲವೆಂಬುದು ಸುಳ್ಳು. ಅವಳು ಆಡಿದ ಮಾತನ್ನು ಬರೆದಿಡುವವರಿರಲಿಲ್ಲ ಎಂಬುದು ನಿಜ.

ನಾವಾದರೂ ಬರೆದಿಟ್ಟೆವೆ? 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಗೀತಾ ನಾಗಭೂಷಣ, ಬಿ.ಟಿ. ಲಲಿತಾ ನಾಯಕ್, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಇಂಥವರು ಬರೆದರು, ಬರೆದು ತಮ್ಮ ತಮ್ಮ ಸಮುದಾಯದವರ ಕೋಪವನ್ನೂ ಉಂಡರು. ಆದರೆ ನಮ್ಮ ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಧೂಳು ಕೊಡವಿ ತೆಗೆದು ನೋಡಿದರೆ ಹೆಣ್ಣಿನ ಹೆಸರು ಎಣಿಸುವಷ್ಟೇ. ಸಂಪಾದಕರು ಗಂಡಸರು, ಭಾಷಣಕಾರರು ಗಂಡಸರು. ಸಭೆ ಮುಗಿದ ಮೇಲೆ ಲೋಟ ತೊಳೆಯುವವರು ಮಾತ್ರ ಹೆಂಗಸರು. ಭೂಮಾಲೀಕನ ಗೇಟಿನ ಮುಂದೆ ಘೋಷಣೆ ಕೂಗಿದ ನಾವು ನಮ್ಮ ಪತ್ರಿಕೆಯ ಬಾಗಿಲಲ್ಲಿ ನಾವೇ ಕಾವಲು ಕೂತಿದ್ದೆವು.

ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ನಡೆಯುವ ಹರಕೆ ಅದು. ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಕೆಳಜಾತಿಗಳ ಬಡ ಹೆಂಗಸರು. ಅದನ್ನು ನೋಡಲೆಂದೇ ದೂರದೂರದಿಂದ ಜನ ಬರುತ್ತಿದ್ದರು, ಕ್ಯಾಮೆರಾ ಹಿಡಿದುಕೊಂಡೂ ಬರುತ್ತಿದ್ದರು. 1986ರ ಮಾರ್ಚಿಯಲ್ಲಿ ದಲಿತ ಸಂಘರ್ಷ ಸಮಿತಿಯವರು ತಡೆಯಲು ಹೋದಾಗ ಗುಂಪು ಮೇಲೆ ಬಿತ್ತು. ಕಾರ್ಯಕರ್ತರ ಬಟ್ಟೆ ಬಿಚ್ಚಿ ಮೆರವಣಿಗೆ ಮಾಡಿತು, ಪೊಲೀಸರನ್ನೂ ಬಿಡಲಿಲ್ಲ. ಅದಾದ ಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಆಗ ನಾವು ದೇವರ ಹೆಸರಿನ ಶೋಷಣೆಯನ್ನು ಸರಿಯಾಗಿಯೇ ಗುರುತಿಸಿದೆವು. ಆದರೆ ಕ್ಯಾಮೆರಾ ಹಿಡಿದು ಬಂದವನ ಕಣ್ಣಿನಲ್ಲಿ ಏನಿತ್ತು ಎಂಬುದನ್ನು ಅಷ್ಟಾಗಿ ಕೇಳಲಿಲ್ಲ. ಕೇಳಿದ್ದರೆ ಮುಂದೆ 2024ರಲ್ಲಿ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಆ ಕತೆಗೆ ಆಮೇಲೆ ಬರುತ್ತೇವೆ.

3

ಕರ್ನಾಟಕದಲ್ಲಿ ಹೆಣ್ಣಿನ ಪ್ರತಿಭಟನೆ ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದಾಗಿ ಕಾಣಿಸಿಕೊಂಡದ್ದು 2009ರಲ್ಲಿ. ಆ ವರ್ಷ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ಶ್ರೀರಾಮ ಸೇನೆಯವರು ನುಗ್ಗಿ ಅಲ್ಲಿದ್ದ ಯುವತಿಯರನ್ನು ಹೊಡೆದು ಎಳೆದಾಡಿದರು. ಟೀವಿ ಕ್ಯಾಮೆರಾಗಳ ಎದುರಿಗೇ ನಡೆದ ಕೃತ್ಯ ಅದು. ದೇಶವೆಲ್ಲ ನೋಡಿತು. ಫೆಬ್ರವರಿಯಲ್ಲಿ ನಿಶಾ ಸೂಸನ್ ಎಂಬ ಪತ್ರಕರ್ತೆ ಮತ್ತು ಅವರ ಗೆಳತಿಯರು ಫೇಸ್‌ಬುಕ್ಕಿನಲ್ಲಿ ಒಂದು ಗುಂಪು ಕಟ್ಟಿದರು. ಪ್ರೇಮಿಗಳ ದಿನಕ್ಕೆ ಹುಬ್ಬಳ್ಳಿಯ ಸೇನೆಯ ಕಚೇರಿಗೆ ಗುಲಾಬಿ ಬಣ್ಣದ ಚಡ್ಡಿ ಕಳಿಸಿ ಎಂದು ಕರೆಕೊಟ್ಟರು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಸೇರಿದರು, ಚಡ್ಡಿಗಳು ಅಂಚೆಯಲ್ಲಿ ಬಂದು ಬಿದ್ದವು. ಆಮೇಲೆ ಆ ಗುಂಪಿನ ಮೇಲೆ ದಾಳಿ ನಡೆದು ಅದು ಮುಚ್ಚಿಹೋಯಿತು.

ಆಗ ನಮ್ಮಲ್ಲಿ ಬಹಳ ಜನ ನಕ್ಕೆವು. “ಪಬ್ಬಿಗೆ ಹೋಗೋರ ಜಗಳ, ನಮಗೂ ಅದಕ್ಕೂ ಏನು ಸಂಬಂಧ” ಅಂದೆವು. ಅರ್ಧ ನಿಜ ಅದರಲ್ಲಿತ್ತು. ಆ ಗುಂಪಿನ ಭಾಷೆ ನಗರದ್ದು, ಇಂಗ್ಲಿಷಿನದ್ದು. ಕಾಯಿ ಹೊರುವ ಹೆಂಗಸಿಗೆ ಅದರಲ್ಲಿ ಜಾಗವಿರಲಿಲ್ಲ. ಆದರೆ ಉಳಿದರ್ಧವನ್ನು ನಾವು ಕಾಣಲಿಲ್ಲ. ಹೆಣ್ಣು ಎಲ್ಲಿಗೆ ಹೋಗಬೇಕು, ಯಾರ ಜೊತೆ ಕೂರಬೇಕು ಎಂದು ದೊಣ್ಣೆ ಹಿಡಿದು ತೀರ್ಮಾನಿಸುವವನೂ, ಜಾತಿ ಬಿಟ್ಟು ಮದುವೆಯಾದ ಹುಡುಗಿಯನ್ನು ಕೊಲ್ಲುವವನೂ ಬೇರೆಬೇರೆಯವರಲ್ಲ. ಹೆಣ್ಣಿನ ಮೇಲಿನ ಕಾವಲೇ ಜಾತಿಯನ್ನು ಉಳಿಸಿಕೊಂಡು ಬಂದಿದೆ ಎಂದು ಬಾಬಾಸಾಹೇಬರು 1916ರಲ್ಲಿಯೇ ಜಾತಿಯ ಹುಟ್ಟಿನ ಬಗ್ಗೆ ಬರೆದ ಪ್ರಬಂಧದಲ್ಲಿ ತೋರಿಸಿದ್ದರು. ಅದನ್ನು ಓದಿಕೊಂಡಿದ್ದ ನಾವೇ ನಕ್ಕದ್ದು.

ಮುಂದೇನಾಯಿತು? 2018ರಲ್ಲಿ ಮಂಗಳೂರಿನ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಆರೋಪಿಗಳನ್ನು ಬಿಡುಗಡೆ ಮಾಡಿತು. ಕೋಟಿ ಜನ ಕಣ್ಣಾರೆ ನೋಡಿದ್ದಕ್ಕೆ ಸಾಕ್ಷಿಯಿಲ್ಲ! ಮಿತ್ರರೆ, ಇದು ನಮ್ಮ ಈ ಲೇಖನದ ಮೊದಲ ಪಾಠ. ನೋಡುವುದು ಬೇರೆ, ಸಾಕ್ಷಿ ಹೇಳುವುದು ಬೇರೆ. ಪರದೆ ನೋಡುಗರನ್ನು ಕೋಟಿಗಟ್ಟಲೆ ಒದಗಿಸುತ್ತದೆ. ಸಾಕ್ಷಿಯನ್ನು ಒದಗಿಸುವುದಿಲ್ಲ. ಸಾಕ್ಷಿ ಹೇಳುವ ಹೆಣ್ಣಿನ ಬೆನ್ನಿಗೆ ಯಾರಾದರೂ ನಿಲ್ಲಬೇಕಾಗುತ್ತದೆ.

4

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳನ್ನು ಗಾರ್ಮೆಂಟ್ಸ್ ಹೆಂಗಸರು ತಡೆದು ನಿಲ್ಲಿಸಿದರು. ಭವಿಷ್ಯ ನಿಧಿಯಲ್ಲಿ ಮಾಲೀಕನ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಮೂವತ್ತೈದು ನಲವತ್ತಕ್ಕೆ ಕಣ್ಣು, ಸೊಂಟ ಎರಡೂ ಸೋತು ಮನೆಗೆ ಬರುವ ಹೆಣ್ಣಿಗೆ 58ರ ಮಾತು ಯಾರಿಗೆ ಬೇಕು? ಕರೆ ಕೊಟ್ಟ ನಾಯಕನಿಲ್ಲ, ಹಂಚಿದ ಕರಪತ್ರವಿಲ್ಲ. ಬಾಯಿಂದ ಬಾಯಿಗೆ, ಒಂದು ಫ್ಯಾಕ್ಟರಿಯಿಂದ ಇನ್ನೊಂದು ಫ್ಯಾಕ್ಟರಿಯ ಗೆಳತಿಯ ಫೋನಿಗೆ ಸುದ್ದಿ ಹಬ್ಬಿತು. ಪೀಣ್ಯ, ಹೊಸೂರು ರಸ್ತೆ, ಬೊಮ್ಮನಹಳ್ಳಿ ನಿಂತುಹೋದವು. ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಎರಡನೆಯ ದಿನ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು.

ಆ ಹೆಂಗಸರು ಯಾರು? ತುಮಕೂರು, ಮಂಡ್ಯ, ರಾಮನಗರದ ಹಳ್ಳಿಗಳಿಂದ ಹೋದ ನಮ್ಮ ಅಕ್ಕತಂಗಿಯರೇ. ಮಳೆಯಿಲ್ಲದೆ ತೆಂಗು ಒಣಗಿದ ವರ್ಷಗಳಲ್ಲಿ ಊರು ಬಿಟ್ಟವರೂ ಅವರಲ್ಲಿದ್ದರು. ಅವರು ತಮ್ಮನ್ನು ಸ್ತ್ರೀವಾದಿಗಳೆಂದು ಕರೆದುಕೊಳ್ಳಲಿಲ್ಲ. ಆ ಎರಡು ದಿನವನ್ನು ಸ್ತ್ರೀವಾದದ ಚರಿತ್ರೆಯಲ್ಲಿ ಬರೆದವರೂ ಕಡಿಮೆ. ಅಗ್ಗದ ಇಂಟರ್‌ನೆಟ್ಟಿನ ಜಿಯೋ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅಂದರೆ ಈ ಹೋರಾಟವಾಗಿ ನಾಲ್ಕು ತಿಂಗಳ ಮೇಲೆ. ಮಾಲೀಕರ ಕಂಪನಿಯ ಕೊಡುಗೆಯಿಂದ ಹೆಣ್ಣಿಗೆ ಬಾಯಿ ಬಂತು ಅನ್ನುವವರು ಈ ತಾರೀಖುಗಳನ್ನು ಗಮನಿಸಲಿ.

ಅಗ್ಗದ ಡೇಟಾ ಬಂದ ಮೇಲಾದರೂ ಫೋನು ಎಲ್ಲರ ಕೈಗೆ ಸಮನಾಗಿ ಬಂತೆ? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ನೂರಕ್ಕೆ ಸುಮಾರು 35, ಗಂಡಸರು ಸುಮಾರು 62. ಹಳ್ಳಿಯ ಲೆಕ್ಕ ತೆಗೆದರೆ ಹೆಂಗಸರದು ಇನ್ನೂ ಕಡಿಮೆ. ಮನೆಗೆ ಒಂದೇ ದೊಡ್ಡ ಫೋನು, ಅದು ಗಂಡನ ಜೇಬಿನಲ್ಲಿ ಅಥವಾ ಮಗನ ಕೈಯಲ್ಲಿ. ಹುಡುಗಿಗೆ ಕಾಲೇಜಿಗೆಂದು ಕೊಡಿಸಿದರೆ ಅಣ್ಣ ದಿನಾ ಸಂಜೆ ತೆಗೆದು ನೋಡುತ್ತಾನೆ. “ಯಾರವನು? ಯಾಕೆ ಮೆಸೇಜು ಹಾಕಿದ?” ಹಿಂದೆ ಕಾಗದ ಒಡೆದು ಓದುತ್ತಿದ್ದ ಮನೆಗಳೇ ಈಗ ಫೋನು ತೆರೆದು ಓದುತ್ತಿವೆ.

5

ಇನ್ನು ‘ಮೀ ಟೂ’ ವಿಚಾರ. ಈ ಮಾತನ್ನು ಮೊದಲು ಚಳವಳಿಯಾಗಿ ಕಟ್ಟಿದವರು ಟರಾನಾ ಬರ್ಕ್ ಎಂಬ ಅಮೆರಿಕದ ಕಪ್ಪು ಹೆಣ್ಣುಮಗಳು, 2006ರಲ್ಲಿ, ಬಡ ಕಪ್ಪು ಹುಡುಗಿಯರಿಗಾಗಿ. ಜಗತ್ತಿನ ಕಿವಿಗೆ ಅದು ಬಿದ್ದದ್ದು ಹನ್ನೊಂದು ವರ್ಷದ ಮೇಲೆ, 2017ರ ಅಕ್ಟೋಬರಿನಲ್ಲಿ, ಬಿಳಿಯ ನಟಿಯೊಬ್ಬರು ಟ್ವಿಟ್ಟರಿನಲ್ಲಿ ಬರೆದಾಗ. ಇದು ಆಕಸ್ಮಿಕವಲ್ಲ. ಕಪ್ಪು ಹೆಣ್ಣು ಕಟ್ಟಿದ್ದು, ಬಿಳಿ ಹೆಣ್ಣು ಆಡಿದ ಮೇಲೆ ಸುದ್ದಿಯಾದದ್ದು.

ನಮ್ಮ ದೇಶದ ಕತೆಯೂ ಹೀಗೆಯೇ. ರಾಜಸ್ಥಾನದ ಭಂವರಿ ದೇವಿ ಕುಂಬಾರ ಜಾತಿಯವರು, ಸರ್ಕಾರದ ಹಳ್ಳಿ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಅತ್ಯಾಚಾರವಾಯಿತು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಆದರೆ ಆಕೆಯ ಹೋರಾಟದ ಬೆನ್ನಲ್ಲೇ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ಕಾನೂನು ಬಂತು. ಕಂಪ್ಯೂಟರ್ ಕಂಪನಿಯ ಹುಡುಗಿಗೆ ಇವತ್ತು ದೂರು ಕೊಡಲು ಒಂದು ಸಮಿತಿ ಇದ್ದರೆ ಅದು ಹಳ್ಳಿಯ ಕುಂಬಾರಗಿತ್ತಿಯೊಬ್ಬರು ತಮ್ಮ ಬದುಕು ಒತ್ತೆಯಿಟ್ಟು ತಂದದ್ದು.

2017ರಲ್ಲಿ ಅಮೆರಿಕದಲ್ಲಿ ಕಾನೂನು ಓದುತ್ತಿದ್ದ ದಲಿತ ಹಿನ್ನೆಲೆಯ ರಾಯಾ ಸರ್ಕಾರ್ ಅವರು ಕಿರುಕುಳದ ಆರೋಪವಿದ್ದ ಪ್ರಾಧ್ಯಾಪಕರ ಪಟ್ಟಿಯನ್ನು ಫೇಸ್‌ಬುಕ್ಕಿನಲ್ಲಿ ಹಾಕಿದರು. ಹೆಸರಾಂತ ಸ್ತ್ರೀವಾದಿಗಳು ಕೆಲವರು ಇದು ಕ್ರಮವಲ್ಲ, ಪಟ್ಟಿ ಹಿಂದೆಗೆಯಿರಿ ಎಂದರು. ದಲಿತ, ಬಹುಜನ ಹುಡುಗಿಯರು ತಿರುಗಿ ಕೇಳಿದರು, ಯಾರು ಮಾಡಿದ ಕ್ರಮ ಅದು, ಆ ಸಮಿತಿಗಳಲ್ಲಿ ಕೂತವರು ಯಾವ ಜಾತಿಯವರು ಎಂದು. ದೂರು ಕೇಳದೆ ಯಾರನ್ನೂ ಅಪರಾಧಿ ಎನ್ನಬಾರದು ಎಂಬುದು ನ್ಯಾಯದ ಮಾತೇ. ಆದರೆ ದೂರು ಕೇಳುವ ಬಾಗಿಲನ್ನೇ ಮುಚ್ಚಿಟ್ಟವರು ಆ ಮಾತಾಡಿದರೆ ಅದಕ್ಕೆ ಬೆಲೆಯಿಲ್ಲ. ಈ ಜಗಳ ಹಿಂದೆ ಸೆಮಿನಾರು ಹಾಲಿನ ಒಳಗೆ ಮುಗಿದುಹೋಗುತ್ತಿತ್ತು. ಪರದೆಯ ಮೇಲೆ ನಡೆದದ್ದರಿಂದ ನಮ್ಮ ಕಾಲೇಜಿನ ಹುಡುಗಿಯರೂ ಓದಿದರು. ಇದು ಫೋನಿನಿಂದಾದ ಒಳ್ಳೆಯದು, ಒಪ್ಪಲೇಬೇಕು. 2018ರ ಅಕ್ಟೋಬರಿನಲ್ಲಿ ಕನ್ನಡ ಚಿತ್ರರಂಗದ ನಟಿ ಶ್ರುತಿ ಹರಿಹರನ್ ಬಾಯಿಬಿಟ್ಟರು. ಆಮೇಲೆ ಪೊಲೀಸರು ಸಾಕ್ಷ್ಯ ಸಿಗಲಿಲ್ಲವೆಂದು ಬಿ ರಿಪೋರ್ಟ್ ಹಾಕಿದರು. ಆಕೆಯ ಮೇಲೆ ಫೋನುಗಳಲ್ಲಿ ಸುರಿದ ಹೊಲಸನ್ನು ನಾವೆಲ್ಲ ಕಂಡಿದ್ದೇವೆ.

ಇದಾಗಿ ಮೂರು ತಿಂಗಳಿಗೆ, 2019ರ ಜನವರಿ 19ರಂದು, ಮದ್ಯ ನಿಷೇಧಿಸಿ ಎಂದು ರಾಯಚೂರು ಮೊದಲಾದ ಕಡೆಯ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಕೂಲಿಯವರು, ದಲಿತರು ಅವರಲ್ಲಿ ಬಹಳ. ನಮ್ಮ ಚಿಕ್ಕನಾಯಕನಹಳ್ಳಿಯ ಪಕ್ಕದ ಸಿರಾ ದಾಟಿ, ತುಮಕೂರು ದಾಟಿ, 30ನೇ ತಾರೀಖು ರಾಜಧಾನಿ ಮುಟ್ಟಿದರು. ಕುಡಿದು ಬಂದ ಗಂಡನ ಏಟೂ ಹೆಣ್ಣಿನ ಪ್ರಶ್ನೆಯೇ. ಅಕ್ಟೋಬರಿನಲ್ಲಿ ಹೊತ್ತಿ ಉರಿದಿದ್ದ ಫೋನುಗಳಲ್ಲಿ ಜನವರಿಯ ಈ ಹನ್ನೆರಡು ದಿನದ ನಡಿಗೆಗೆ ಎಷ್ಟು ಜಾಗ ಸಿಕ್ಕಿತು? ನಮ್ಮೂರಿನ ಪಕ್ಕದ ಹೆದ್ದಾರಿಯಲ್ಲೇ ಅವರು ಹೋದರು. ನಮ್ಮಲ್ಲಿ ಎಷ್ಟು ಜನ ಹೋಗಿ ಒಂದು ತಂಬಿಗೆ ನೀರು ಕೊಟ್ಟೆವು?

6

ಫೋನು ಹಗ್ಗವೂ ಹೌದು, ತಮಟೆಯೂ ಹೌದು. ಆಶಾ ಕಾರ್ಯಕರ್ತೆಯರನ್ನು, ಅಂಗನವಾಡಿಯವರನ್ನು ನೋಡಿ. ಮೇಲಿನವರ ಅಪ್ಪಣೆ ಬರುವುದು ವಾಟ್ಸಾಪಿನಲ್ಲಿ, ಹಗಲಿಲ್ಲ ರಾತ್ರಿಯಿಲ್ಲ. ಫೋಟೊ ಹಾಕು, ಲೆಕ್ಕ ತುಂಬು, ನೆಟ್ವರ್ಕ್ ಇಲ್ಲದಿದ್ದರೆ ಮಾಳಿಗೆ ಹತ್ತು. ಅದೇ ಹೆಂಗಸರು ಅದೇ ಫೋನಿನಲ್ಲಿ ತಮ್ಮದೇ ಗುಂಪು ಮಾಡಿಕೊಂಡರು. 2025ರ ಜನವರಿ 7ರಿಂದ 10ರವರೆಗೆ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುವ ಭರವಸೆ ಪಡೆದು ಎದ್ದರು. ಫೋನು ಅವರನ್ನು ಒಟ್ಟುಗೂಡಿಸಲು ಒದಗಿತು. ಆದರೆ ಗೆದ್ದದ್ದು ಅವರು ಕೂತದ್ದರಿಂದ, ಅವರ ಹಿಂದೆ ಸಂಘವಿದ್ದುದರಿಂದ.

7

ಈಗ ಹಾಸನದ ಕತೆಗೆ ಬರಬೇಕು. ಹಾಸನ ನಮಗೆ ದೂರವಲ್ಲ. ತಿಪಟೂರಿನಲ್ಲಿ ರೈಲು ಹತ್ತಿದರೆ ಮುಂದಿನ ದೊಡ್ಡ ನಿಲ್ದಾಣ ಅರಸೀಕೆರೆ, ಅದೇ ಹಾಸನ ಜಿಲ್ಲೆ. ಹೆಣ್ಣು ಕೊಟ್ಟು ತಂದ ನಂಟಸ್ತಿಕೆ, ಅದೇ ತೆಂಗು, ಅದೇ ಜಾತಿಯ ಲೆಕ್ಕಾಚಾರ.

2024ರ ಏಪ್ರಿಲ್ 26ರಂದು ಅಲ್ಲಿ ಲೋಕಸಭೆಗೆ ಮತದಾನ. ಅದರ ಹಿಂದಿನ ದಿನಗಳಲ್ಲಿ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರದೆನ್ನಲಾದ ಲೈಂಗಿಕ ದೌರ್ಜನ್ಯದ ವಿಡಿಯೊಗಳು ಪೆನ್‌ಡ್ರೈವಿನಲ್ಲಿ, ಫೋನಿನಲ್ಲಿ ಹರಿದಾಡಿದವು. ಹೆಂಗಸರ ಮುಖಕ್ಕೆ ಮಸುಕು ಸಹ ಹಾಕಿರಲಿಲ್ಲ. ಹಂಚಿದವರಿಗೆ ಬೇಕಾಗಿದ್ದದ್ದು ಚುನಾವಣೆ. ಆ ಹೆಂಗಸರು ಯಾರಿಗೂ ಬೇಕಾಗಿರಲಿಲ್ಲ. ಊರು ಬಿಟ್ಟವರಿದ್ದಾರೆ, ಮನೆಯಿಂದ ಹೊರಬರದೆ ಕೂತವರಿದ್ದಾರೆ.

ನಾವಿಲ್ಲಿ ನಮ್ಮದೇ ತಪ್ಪನ್ನು ಬರೆಯುತ್ತೇವೆ. ನಾವಿರುವ ಒಂದು ವಾಟ್ಸಾಪ್ ಗುಂಪು. ಅದರ ಹೆಸರಿನಲ್ಲಿ ಬಾಬಾಸಾಹೇಬರಿದ್ದಾರೆ. ಬೆಳಗ್ಗೆ ಎದ್ದರೆ ಜೈಭೀಮ್, ಜನವರಿ 3 ಬಂದರೆ ಸಾವಿತ್ರಿಬಾಯಿಯ ಚಿತ್ರ. ಆ ಗುಂಪಿಗೇ ಒಂದು ವಿಡಿಯೊ ಬಂತು. “ಪಾಳೇಗಾರಿಕೆಯ ಬಣ್ಣ ಬಯಲಾಯ್ತು ನೋಡಿ” ಎಂದು ಹಾಕಿದ್ದರು. ಅರ್ಧ ದಿನ ಯಾರೂ ಅದನ್ನು ತೆಗೆಯಿರಿ ಅನ್ನಲಿಲ್ಲ. ಕೆಲವರು ಮುಂದಕ್ಕೂ ಕಳಿಸಿದರು. ನಾವೂ ನೋಡಿ ಸುಮ್ಮನಿದ್ದೆವು. ಸಂಜೆ ಗುಂಪಿನಲ್ಲಿದ್ದ ಒಬ್ಬ ಶಿಕ್ಷಕಿ ಬರೆದರು: “ಅಣ್ಣಂದಿರಾ, ಆ ಹೆಣ್ಮಕ್ಕಳು ನಿಮ್ಮನ್ನ ನ್ಯಾಯ ಕೇಳಿದ್ರಾ, ವಿಡಿಯೊ ಹಂಚಿ ಅಂತ ಕೇಳಿದ್ರಾ?” ಬರೆದು ಗುಂಪು ಬಿಟ್ಟು ಹೋದರು. ಅವರಿಗೆ ಉತ್ತರ ಕೊಡುವ ಮುಖ ನಮಗಿರಲಿಲ್ಲ. ಚಂದ್ರಗುತ್ತಿಗೆ ಕ್ಯಾಮೆರಾ ಹಿಡಿದು ಬಂದವನ ಜಾಗದಲ್ಲಿ ಆ ದಿನ ನಾವು ನಿಂತಿದ್ದೆವು. ಶತ್ರುವಿನ ಅಪರಾಧ ತೋರಿಸಲು ನೊಂದ ಹೆಣ್ಣಿನ ಮೈಯನ್ನೇ ಬಳಸುವವನು ಹೋರಾಟಗಾರನಲ್ಲ, ಆ ಅಪರಾಧದ ಪಾಲುಗಾರ. ಅಂಥ ವಿಡಿಯೊ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾನೂನಿನ 67ಎ ಕಲಮಿನಲ್ಲಿ ಅಪರಾಧವೂ ಹೌದು.

ಆದರೆ ಚರಿತ್ರೆ ಅಲ್ಲಿಗೆ ನಿಲ್ಲಲಿಲ್ಲ. ರಾಜ್ಯ ಮಹಿಳಾ ಆಯೋಗ ಪತ್ರ ಬರೆಯಿತು, ಏಪ್ರಿಲ್ ಕೊನೆಗೆ ವಿಶೇಷ ತನಿಖಾ ತಂಡ ರಚನೆಯಾಯಿತು. ಸಂಸದರು ಜರ್ಮನಿಗೆ ಹೋಗಿಬಿಟ್ಟಿದ್ದರು. ಮೇ 30ರಂದು ಮಹಿಳಾ, ದಲಿತ, ರೈತ, ಕಾರ್ಮಿಕ ಸಂಘಟನೆಗಳು ‘ಹಾಸನ ಚಲೋ’ ಎಂದು ಬೀದಿಗಿಳಿದವು. ನಾವು ನಿಮ್ಮ ಜೊತೆಗಿದ್ದೇವೆ ಎಂಬ ಮಾತನ್ನು ಆ ಹೆಂಗಸರ ಊರಿಗೇ ಹೋಗಿ ಹೇಳಿದ್ದು ಅದು. ಮರುದಿನ ವಾಪಸು ಬಂದ ಅವರನ್ನು ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಒಬ್ಬ ಮನೆಗೆಲಸದ ಹೆಣ್ಣುಮಗಳು ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ಹೇಳಿದರು. ಒಂದು ಸೀರೆ ಸಾಕ್ಷಿಯಾಯಿತು. ಅವಮಾನ ಮಾಡಲೆಂದು ತೆಗೆದ ವಿಡಿಯೊ ತೆಗೆದವನ ವಿರುದ್ಧವೇ ಸಾಕ್ಷಿಯಾಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರನ್ನು ಅಪರಾಧಿಯೆಂದು ಹೇಳಿ, ಮರುದಿನ ಜೀವ ಇರುವವರೆಗೆ ಸೆರೆವಾಸ ವಿಧಿಸಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಹೋದರು.

2009ರ ಮಂಗಳೂರನ್ನೂ 2025ರ ಈ ತೀರ್ಪನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ವಿಡಿಯೊ ಇತ್ತು, ಎರಡನ್ನೂ ಲೋಕವೆಲ್ಲ ನೋಡಿತ್ತು. ಒಂದರಲ್ಲಿ ಬಿಡುಗಡೆ, ಇನ್ನೊಂದರಲ್ಲಿ ಶಿಕ್ಷೆ. ವ್ಯತ್ಯಾಸ ತಂದದ್ದು ಯಂತ್ರವಲ್ಲ. ಓದು ಬರಹವಿಲ್ಲದವಳೆಂದು, ಮನೆಗೆಲಸದವಳೆಂದು ಯಾರನ್ನು ಈ ವ್ಯವಸ್ಥೆ ಲೆಕ್ಕಕ್ಕೇ ಇಟ್ಟಿರಲಿಲ್ಲವೋ ಆಕೆ ಎದ್ದು ನಿಂತು ಹೇಳಿದ ಮಾತು ಆ ವ್ಯತ್ಯಾಸ ತಂದಿತು.

ಅದೇ 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಮ್ಮ ಬಂಡಾಯದ ಅಂಗಳದಲ್ಲಿ ಬೆಳೆದ ಲೇಖಕಿ. ಮೈಸೂರು ದಸರಾ ಉದ್ಘಾಟಿಸಲು ಕರೆದಾಗ ಅವರ ಹಳೆಯ ಭಾಷಣದ ತುಣುಕೊಂದನ್ನು ಕತ್ತರಿಸಿ ಫೋನು ಫೋನಿಗೆ ಹಂಚಿದರು. ನ್ಯಾಯಾಲಯಕ್ಕೂ ಹೋದರು. ಸುಪ್ರೀಂ ಕೋರ್ಟಿನವರೆಗೆ ಸೋತರು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿಯೇ ತೀರಿದರು. ತುಣುಕು ನೋಡಿದವರು ಲಕ್ಷ, ಅವರ ಒಂದು ಕತೆಯನ್ನಾದರೂ ಪೂರ್ತಿ ಓದಿದವರು ಅದರಲ್ಲಿ ಎಷ್ಟು ಮಂದಿಯೋ.

8

ಹಾಗಾದರೆ ಆ ವಿದ್ಯಾರ್ಥಿನಿಗೆ ಉತ್ತರವೇನು? ಪೇಪರಿನವರು ಹೇಳುವುದೂ ಪೂರ್ತಿ ನಿಜವಲ್ಲ, ಅವಳಪ್ಪ ಹೇಳುವುದಂತೂ ನಿಜವೇ ಅಲ್ಲ. ಹೆಣ್ಣು ಹಾಳಾಗುವುದು ಫೋನಿನಿಂದಲ್ಲ, ಅವಳ ಕೈಯ ಫೋನು ಕಿತ್ತುಕೊಳ್ಳುವ ಕೈಯಿಂದ, ಅವಳ ಚಿತ್ರ ಹಂಚುವ ಕೈಯಿಂದ. ಫೋನು ಅವಳಿಗೆ ಬಾಯಿ ಕೊಡಲಿಲ್ಲ, ಬಾಯಿ ಅವಳಿಗೆ ಮೊದಲೇ ಇತ್ತು. ಯಾರ ಅಪ್ಪಣೆಯೂ ಇಲ್ಲದೆ ದೂರಕ್ಕೆ ಕೂಗಲು ಒಂದು ದಾರಿ ಕೊಟ್ಟಿತು, ಅಷ್ಟೆ. ಕೂಗಿದ್ದನ್ನು ಕೇಳಿ ಎದ್ದುಬರಬೇಕಾದವರು ನಾವು.

ಎದ್ದುಬಂದು ಮಾಡಬೇಕಾದ ಕೆಲಸ ನಮ್ಮೂರಿನಲ್ಲೇ ಇದೆ. 2013ರ ಕಾನೂನಿನ ಪ್ರಕಾರ ಹತ್ತು ಜನರಿಗಿಂತ ಕಡಿಮೆ ಆಳುಗಳಿರುವ ಜಾಗದ ಹೆಂಗಸರಿಗೆ, ಮನೆಗೆಲಸದವರಿಗೆ, ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಸಮಿತಿ ಇರಬೇಕು. ದೂರು ತೆಗೆದುಕೊಳ್ಳಲು ಪ್ರತಿ ತಾಲ್ಲೂಕಿಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಬಂದ ದೂರನ್ನು ಅವರು ಏಳು ದಿನದೊಳಗೆ ಸಮಿತಿಗೆ ಮುಟ್ಟಿಸಬೇಕು. ಕಿರುಕುಳವಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದವರಿಗೆ ಬರೆದುಕೊಡಲು ಸಮಿತಿಯೇ ನೆರವಾಗಬೇಕು. ಕೊಬ್ಬರಿ ಸುಲಿಯುವ ಕೊಟ್ಟಿಗೆ, ನಾರಿನ ಸಣ್ಣ ಘಟಕ, ಮಂಡಿಯ ಹಿಂದಿನ ಗೋದಾಮು, ತೋಟದ ಮನೆ, ಇವೆಲ್ಲ ಈ ಕಾನೂನಿನ ಕಣ್ಣಿನಲ್ಲಿ ಕೆಲಸದ ಜಾಗಗಳೇ. ತಿಪಟೂರಿಗೆ, ತುರುವೇಕೆರೆಗೆ, ಚಿಕ್ಕನಾಯಕನಹಳ್ಳಿಗೆ ಆ ಅಧಿಕಾರಿ ಯಾರು? ಓದುಗ ಗೆಳೆಯರೆ, ಇದನ್ನು ಓದಿ ಮುಗಿಸಿದ ಮೇಲೆ ತಾಲ್ಲೂಕು ಕಚೇರಿಗೆ ಹೋಗಿ ಕೇಳಿ. ಹೆಸರು, ನಂಬರು ಬರೆದುಕೊಂಡು ಬನ್ನಿ. ಮೇಷ್ಟ್ರುಗಳು ಅದನ್ನು ಶಾಲೆಯ ಗೋಡೆಗೆ ಅಂಟಿಸಲಿ, ವಿದ್ಯಾರ್ಥಿಗಳು ಚಿಪ್ಪು ಒಡೆಯುವ ಹೆಂಗಸರಿಗೆ ಓದಿ ಹೇಳಲಿ. ಆ ನಂಬರು ಅವರ ಗುಂಡಿ ಫೋನಿನಲ್ಲೂ ಇರಲಿ. ವಾಟ್ಸಾಪಿನಲ್ಲಿ ಮುಂದಕ್ಕೆ ಕಳಿಸಬೇಕಾದದ್ದು ಏನಾದರೂ ಇದ್ದರೆ ಇದನ್ನು ಕಳಿಸಿ.

ನಮ್ಮ ಗುಂಪು ಬಿಟ್ಟುಹೋದ ಶಿಕ್ಷಕಿಯ ಮನೆಗೆ ನಾವು ನಾಲ್ಕು ಜನ ಹೋಗಿ ತಪ್ಪಾಯಿತೆಂದೆವು. ಅವರು ಟೀ ಕೊಟ್ಟರು. ಗುಂಪಿಗೆ ವಾಪಸು ಬನ್ನಿ ಅಂದದ್ದಕ್ಕೆ, “ಬರ್ತೀನಿ, ಆದ್ರೆ ಗುಂಪು ನಡೆಸೋರಲ್ಲಿ ಇಬ್ಬರು ಹೆಂಗಸರಿರ್ಬೇಕು, ಅದ್ರಲ್ಲಿ ಒಬ್ಬಳು ಕೂಲಿ ಮಾಡೋಳಾಗಿರ್ಬೇಕು” ಅಂದರು. ಈಗ ಹಾಗೆಯೇ ಮಾಡಿದ್ದೇವೆ. ಕೂಲಿಯಾಕೆಗೆ ಓದಲು ಸ್ವಲ್ಪ ತಡವರಿಕೆ. ಅದಕ್ಕೆ ಮಾತಾಡಿಯೇ ಕಳಿಸುತ್ತಾರೆ. ಅವರು ಮೊದಲು ಕಳಿಸಿದ ಮಾತು ಒಂದು ಲೆಕ್ಕ: ಈ ವಾರ ಎಷ್ಟು ಸಾವಿರ ಕಾಯಿ ಸುಲಿದೆವು, ಕೊಬ್ಬರಿ ರೇಟು ಎಷ್ಟಿತ್ತು, ನಮ್ಮ ಕೈಗೆ ಬಂದದ್ದೆಷ್ಟು.